ದಾನಮ್ಮ ಹೊತ್ತ ಹೆಸರು

ದಾನಮ್ಮನಿಗೆ ಒಂದು ಕಡೆ ನಿಲ್ಲಲು ಬರುವುದಿಲ್ಲ. ನನ್ನ ಅಂಗಡಿಗೆ ಬಂದರೆ ಝೆರಾಕ್ಸ್ ಮಷಿನ್ನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾಳೆ, ಪೆನ್ನಿನ ಡಬ್ಬಿಯನ್ನು ಎಡದಿಂದ ಎತ್ತಿ ಬಲಕ್ಕಿಡುತ್ತಾಳೆ, ಫೋನ್ ಬೂತಿನ ಬಾಗಿಲನ್ನು ಸುಮ್ಮಸುಮ್ಮನೆ ತೆಗೆದು ಮುಚ್ಚುತ್ತಾಳೆ. "ಒಂದ್ ನಿಮಿಷ ಕೂತ್ಕೊಳ್ಳೇ ತಾಯಿ, ನಿನ್ನ ನೋಡಿ ನೋಡಿ ನಂಗೇ ಸುಸ್ತಾಗ್ತಾ ಇದೆ" ಎಂದರೆ, "ಕುಂತ್ರ ಕಾಲು ಜೋಮ್ ಹಿಡಿತಾವ್ರಿ ಅಕ್ಕಾರ" ಎನ್ನುತ್ತಾಳೆ. ಹಾಗೆನ್ನುತ್ತಲೇ ಡಬ್ಬಿಯನ್ನು ಮತ್ತೆ ಎಡಕ್ಕೆ ಇಡುತ್ತಾಳೆ.

ನಾನು ಅಂಬುಜಾ. ಲಗ್ಗೆರೆ ಬಸ್ ಸ್ಟಾಪಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಝೆರಾಕ್ಸಿನ ಜೊತೆಗೆ ಫೋನು, ರೀಚಾರ್ಜು, ಲ್ಯಾಮಿನೇಷನ್ನು. ಬೇಕಾದವರಿಗೆ ಅರ್ಜಿಯನ್ನೂ ಬರೆದುಕೊಡುತ್ತೇನೆ. ಅರ್ಜಿ ಬರೆಯುವುದು ನನಗೆ ವ್ಯಾಪಾರವಲ್ಲ, ಚಟ. ಯಾರಾದರೂ ಸರ್ಕಾರಿ ಕಚೇರಿಯಿಂದ ಮುಖ ಸಪ್ಪಗೆ ಮಾಡಿಕೊಂಡು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಯಜಮಾನರು ಇದಕ್ಕೆ ಊರ ಉಸಾಬರಿ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ದಾನಮ್ಮ ಕುಷ್ಟಗಿ ಕಡೆಯವಳು. ಗಂಡ ವಿಠ್ಠಲ ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಒಂದು ಪ್ಲೇಟಿಂಗ್ ಶೆಡ್ಡಿನ ಕೆಲಸಗಾರ. ಮಗಳು ಇಲ್ಲೇ ಸರ್ಕಾರಿ ಶಾಲೆಗೆ ಹೋಗುತ್ತಾಳೆ. ನನ್ನ ಅಂಗಡಿಯ ಹಿಂದಿನ ವಠಾರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಬೇಸಿಗೆಯಲ್ಲಿ ಅವಳು ಮನೆಯಲ್ಲೇ ಊದುಬತ್ತಿ ಹೊಸೆಯುತ್ತಾಳೆ. ಮಳೆಗಾಲ ಬಂತೆಂದರೆ ಗ್ಯಾಂಗಿಗೆ ಹೋಗುತ್ತಾಳೆ. ರಾಜಕಾಲುವೆಗಳ ಹೂಳು ಎತ್ತಲು ಜೂನಿನಿಂದ ದೀಪಾವಳಿಯವರೆಗೆ ತಾತ್ಕಾಲಿಕವಾಗಿ ತೆಗೆದುಕೊಳ್ಳುವ ಕೆಲಸಗಾರರ ಗುಂಪಿಗೆ ನಮ್ಮಲ್ಲಿ ಗ್ಯಾಂಗು ಎಂದೇ ಹೆಸರು. ಬೆಳಿಗ್ಗೆ ಬಸ್ ಸ್ಟಾಪಿನ ಹತ್ತಿರ ಸಾಲಾಗಿ ನಿಲ್ಲುತ್ತಾರೆ. ಮೇಸ್ತ್ರಿ ಏಕಾಂತಯ್ಯ ಕಚೇರಿಯ ಪಟ್ಟಿ ಹಿಡಿದು ಹೆಸರು ಕೂಗುತ್ತಾನೆ. ಆಮೇಲೆ ಎಲ್ಲರೂ ಟೆಂಪೋ ಹತ್ತಿ ಹೋಗುತ್ತಾರೆ. ಸಂಜೆ ಬರುವಾಗ ಅವರ ಸೀರೆಯ ಅಂಚು ಮೊಣಕಾಲಿನವರೆಗೆ ಕಪ್ಪಾಗಿರುತ್ತದೆ. ಬಸ್ಸಿಗೆ ಕಾಯುವ ಜನ ಮೂಗು ಮುಚ್ಚಿಕೊಂಡು ಆಚೆ ಸರಿಯುತ್ತಾರೆ. ಅವರ ಮನೆಗೆ ನೀರು ನುಗ್ಗದೇ ಇರುವುದು ಈ ಸೀರೆಗಳಿಂದಲೇ ಎಂದು ಅವರಿಗೆ ಹೇಳಬೇಕು ಅನಿಸುತ್ತದೆ. ಒಮ್ಮೊಮ್ಮೆ ಹೇಳಿಯೂ ಬಿಟ್ಟಿದ್ದೇನೆ.

ಕಥೆ ಶುರುವಾದದ್ದು ಒಂದು ಸೋಪಿನ ಮಾತಿನಿಂದ.

ಎರಡು ಸಾವಿರದ ಏಳರ ದೀಪಾವಳಿ ಕಳೆದಿತ್ತು. ಗ್ಯಾಂಗಿನ ಕೆಲಸ ಮುಗಿದಿತ್ತು. ದಾನಮ್ಮನ ಕಾಲ್ಬೆರಳ ಸಂದಿಗಳು ಪ್ರತಿ ವರ್ಷದಂತೆ ಕೆಸರುಹುಣ್ಣಿನಿಂದ ಬೆಳ್ಳಗೆ ಬಿರಿದಿದ್ದವು. ಕೆಂಗೇರಿಯಲ್ಲಿ ಸಂಬಂಧಿಕರ ಮದುವೆಗೆ ಹೋದವಳಿಗೆ ಅಲ್ಲಿನ ಗ್ಯಾಂಗಿನಲ್ಲಿ ಕೆಲಸ ಮಾಡುವ ನೀಲಾಂಬಿಕಾ ಎಂಬವಳು ಸಿಕ್ಕಿದಳಂತೆ. ಅವಳ ಕಾಲು ನೋಡಿದರೆ ಹುಣ್ಣಿಲ್ಲ. ಕೇಳಿದರೆ, "ನಮಗ ಸೋಪು-ಎಣ್ಣಿ ಭತ್ಯೆ ಕೊಡ್ತಾರಲ್ಲ, ನಿಮಗ ಕೊಡಂಗಿಲ್ಲೇನ?" ಎಂದಳಂತೆ. ಕೆಲಸ ಮುಗಿಸಿ ಕೈಕಾಲು ತೊಳೆದುಕೊಳ್ಳಲು ಸೋಪು, ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆ, ಅದಕ್ಕೆಂದೇ ಸರ್ಕಾರ ಕೊಡುವ ಭತ್ಯೆ ಅದು. ದಾನಮ್ಮ ಮೂರು ಮಳೆಗಾಲ ಇಳಿದಿದ್ದಳು. ಒಂದು ಸೋಪನ್ನೂ ಕಂಡವಳಲ್ಲ.

ಮಾರನೆಯ ದಿನವೇ ಏಕಾಂತಯ್ಯನನ್ನು ಚಹಾದಂಗಡಿಯ ಮುಂದೆ ಹಿಡಿದು ಕೇಳಿದಳು. ಅವನು ಲೋಟ ಕೆಳಗಿಡದೇ ನಕ್ಕ.

"ಮುಂದಿನ ಮಳೆಗೆ ಮತ್ತೆ ಅದೇ ನೀರಿಗೆ ಇಳೀತೀಯಲ್ಲಮ್ಮ, ನಿಂಗ್ಯಾಕೆ ಸೋಪು?"

ಆ ಮಾತು ಅವಳ ಮೈಗೆ ಹತ್ತಿಕೊಂಡು ಬಿಟ್ಟಿತು. ಅಂಗಡಿಗೆ ಬಂದು ಅದನ್ನು ನನಗೆ ಹೇಳುವಾಗ ಕೌಂಟರಿನ ಗಾಜನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು. "ನಾ ಏನ್ ಎಮ್ಮಿ ಏನ್ರಿ ಅಕ್ಕಾರ? ಎಮ್ಮಿ ಮೈನೂ ತಿಕ್ಕಿ ತೊಳಿತಾರ. ನನ್ನ ಸೋಪು ಯಾರ್ ತಗೊಂಡ್ರು ಅನ್ನೂದು ನನಗ ಗೊತ್ತಾಗಬೇಕ್ರಿ. ಗೊತ್ತಾಗೂತನಕ ನನಗ ಉಣ್ಣಾಕ ರುಚಿ ಇಲ್ಲ."

ನನಗೆ ಇಷ್ಟು ಸಾಕಾಗಿತ್ತು. ಮಾಹಿತಿ ಹಕ್ಕಿನ ಕಾನೂನು ಬಂದು ಎರಡು ವರ್ಷವಾಗಿತ್ತು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಯಾರು ಬೇಕಾದರೂ ಸರ್ಕಾರದ ಕಡತ ಕೇಳಬಹುದು, ಮೂವತ್ತು ದಿನದೊಳಗೆ ಅವರು ಕೊಡಲೇಬೇಕು. ನಾನು ಆಗಲೇ ಖಾತೆಗೆ, ರೇಷನ್ ಕಾರ್ಡಿಗೆ ಎಂದು ಹಲವರಿಗೆ ಬರೆದುಕೊಟ್ಟು ಕೈ ಪಳಗಿಸಿಕೊಂಡಿದ್ದೆ. ಕೂತು ಬರೆದೆ: ಕಳೆದ ಮೂರು ಮಳೆಗಾಲಗಳಲ್ಲಿ ತಾತ್ಕಾಲಿಕ ಕೆಲಸಗಾರರಿಗೆ ಸೋಪು-ಎಣ್ಣೆ ಭತ್ಯೆ ಮಂಜೂರಾಗಿದೆಯೇ, ಆಗಿದ್ದರೆ ಪಡೆದವರ ಸಹಿ ಇರುವ ಹಾಳೆಗಳ ನಕಲು ಕೊಡಿ. ಬರೆದು ಮುಗಿಸಿ, "ಹೆಬ್ಬೆಟ್ಟಾ, ಸೈನಾ?" ಎಂದು ಕೇಳಿದೆ.

ದಾನಮ್ಮನ ಮುಖ ಅರಳಿತು. "ಸೈನ್ ರೀ" ಎಂದು ಪೆನ್ನು ಕಿತ್ತುಕೊಂಡಳು. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, ದೊಡ್ಡ ದೊಡ್ಡ ಅಕ್ಷರದಲ್ಲಿ ನಿಧಾನವಾಗಿ ಬರೆದಳು. ಟಾ ಅಕ್ಷರಕ್ಕೆ ಉದ್ದ ಬಾಲ ಎಳೆದಳು. ಕೆಳಗೆ ಅಡ್ಡಗೆರೆ ಎಳೆದು, ಗೆರೆಯ ಕೆಳಗೆ ಎರಡು ಚುಕ್ಕಿ ಇಟ್ಟಳು. ನಾನು ನೋಡಿದೆ. ಪಟಾಲಮ್ಮ ಎಂದಿತ್ತು.

"ಇದೇನೇ ಇದು? ಪಟಾಲಮ್ಮ ನಿಮ್ಮ ಓನರ್ ಅಲ್ವಾ?"

"ಹೌದ್ರಿ. ಅದು ಅವರ ಹೆಸರು. ಸೈನ್ ನಂದು."

ನನಗೆ ತಲೆ ಗಿರ್ ಎಂದಿತು. ಬಿಡಿಸಿ ಕೇಳಿದ ಮೇಲೆ ತಿಳಿಯಿತು.

ಗ್ಯಾಂಗಿನ ಪಟ್ಟಿ ಕಚೇರಿಯಿಂದ ಬರುತ್ತದೆ. ಅದರಲ್ಲಿ ಹೊಸ ಹೆಸರು ಸೇರಿಸಬೇಕಾದರೆ ಮೇಲಿನಿಂದ ಮಂಜೂರಾತಿ ಬೇಕು, ಆ ಮಂಜೂರಾತಿ ಯಾವ ಕಾಲಕ್ಕೂ ಬರುವುದಿಲ್ಲ. ಹಾಗಾಗಿ ಯಾರಾದರೂ ಕೆಲಸ ಬಿಟ್ಟರೆ ಅವರ ಹೆಸರು ಪಟ್ಟಿಯಲ್ಲೇ ಉಳಿಯುತ್ತದೆ, ಹೊಸದಾಗಿ ಬಂದವಳು ಆ ಹೆಸರಿನಲ್ಲಿ ನಿಲ್ಲುತ್ತಾಳೆ. ಗ್ಯಾಂಗಿನವರು ಇದಕ್ಕೆ ಹೆಸರು ಹೊರುವುದು ಎನ್ನುತ್ತಾರೆ. ಯಾರಿಗೂ ಇದು ಕಳ್ಳತನ ಅನಿಸಿಲ್ಲ. ಬಿಟ್ಟು ಹೋದವಳ ಗುದ್ದಲಿಯನ್ನು ಬಂದವಳು ಹಿಡಿದ ಹಾಗೆ, ಅಷ್ಟೇ. ಪಟಾಲಮ್ಮನವರು ಲಗ್ಗೆರೆಯ ಹಳೇ ಊರಿನವರು. ಹೊಲವೆಲ್ಲ ಸೈಟಾಗುವ ಮುಂಚೆ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಅವರೂ ಎರಡು ಮಳೆಗಾಲ ಈ ಗ್ಯಾಂಗಿನಲ್ಲಿ ದುಡಿದಿದ್ದರು. ಆಮೇಲೆ ವಠಾರ ಕಟ್ಟಿಸಿದರು, ಬಾಡಿಗೆ ಬರತೊಡಗಿತು, ಕೆಲಸ ಬಿಟ್ಟರು. ಬಾಡಿಗೆಗೆ ಬಂದ ದಾನಮ್ಮನಿಗೆ ಕೋಣೆಯ ಜೊತೆ ಹೆಸರನ್ನೂ ಅವರೇ ಕೊಡಿಸಿದರು.

ಸಹಿಯದು ಇನ್ನೊಂದು ಕಥೆ. ಹಾಳೆಯ ತುಂಬ ಹೆಬ್ಬೆಟ್ಟಿದ್ದರೆ ಆಡಿಟ್‌ನವರು ಕೊಕ್ಕೆ ತೆಗೆಯುತ್ತಾರೆಂದು ಏಕಾಂತಯ್ಯನೇ ಹೆಂಗಸರಿಗೆಲ್ಲ ಸಹಿ ಕಲಿಸಿದ್ದ. ಊಟದ ಬಿಡುವಿನಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ತೋರಿಸುತ್ತಿದ್ದನಂತೆ. ಶಾಲೆಯ ಮೆಟ್ಟಿಲು ಹತ್ತದ ದಾನಮ್ಮ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ತಿದ್ದಿದಳು, ಹಬೆ ಹಿಡಿದ ಬಸ್ಸಿನ ಗಾಜಿನ ಮೇಲೆ ಬೆರಳಿನಲ್ಲಿ ತಿದ್ದಿದಳು. ಅವಳಿಗೆ ಈ ಲೋಕದಲ್ಲಿ ಬರೆಯಲು ಬರುವುದು ಅದೊಂದೇ ಪದ. ಮಗಳ ಪ್ರೋಗ್ರೆಸ್ ಕಾರ್ಡಿಗೂ ಅವಳು ಪಟಾಲಮ್ಮ ಎಂದೇ ಸಹಿ ಹಾಕಿ ಕಳಿಸುತ್ತಿದ್ದಳು. ಶಾಲೆಯ ಮೇಡಂ ಒಬ್ಬರೂ ಅದನ್ನು ಗಮನಿಸಿರಲಿಲ್ಲ. ನನಗೆ ನಗಬೇಕೋ ಯಾರಿಗಾದರೂ ಬೈಯಬೇಕೋ ತಿಳಿಯಲಿಲ್ಲ. ಕೊನೆಗೆ ಎರಡನ್ನೂ ಮಾಡಿದೆ.

"ನೋಡು, ಈ ಕಾನೂನಲ್ಲಿ ಯಾರ್ ಬೇಕಾದ್ರೂ ಕೇಳ್ಬೋದು. ದಾನಮ್ಮ ಅಂತಾನೇ ಕೇಳೋಣ. ಹೆಬ್ಬೆಟ್ಟು ಒತ್ತು, ಸಾಕು" ಎಂದೆ.

ದಾನಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಹೆಬ್ಬೆಟ್ಟು ಒತ್ತೂದ ಬಿಟ್ಟೀನ್ರಿ ನಾ. ನಮ್ಮ ಮನ್ಯಾಗ ಇವರು ಇನ್ನೂ ಒತ್ತತಾರ. ನಾ ಒತ್ತಂಗಿಲ್ಲ. ಮತ್ತ ಪಟ್ಟಿಯೊಳಗ ದಾನಮ್ಮ ಇಲ್ಲೇ ಇಲ್ಲ. ಇಲ್ಲದಾಕಿಗೆ ಅವರು ಯಾಕ್ ಉತ್ತರ ಕೊಡ್ತಾರ?"

ನಾನು ವಾದ ಮಾಡಿದೆ. ಅವಳು ಕೇಳಲಿಲ್ಲ, ಸೀದಾ ವಠಾರಕ್ಕೆ ಹೋಗಿ ಪಟಾಲಮ್ಮನವರನ್ನು ಕರೆದುಕೊಂಡೇ ಬಂದಳು. ಅವರು ಎಲೆಯಡಿಕೆ ಬಾಯಲ್ಲಿ ತುಂಬಿಕೊಂಡು ಎಲ್ಲ ಕೇಳಿ, "ಬರ್ಕೊಳ್ಳಿ ಬಿಡಿ ಅಂಬುಜಮ್ಮ. ಹೆಸ್ರೇನು ಸವೆದು ಹೋಗುತ್ತಾ? ಮೂರು ವರ್ಷದಿಂದ ಇವ್ಳೇ ಅಲ್ವಾ ಅದನ್ನ ಕೂಗಿಸ್ಕೋತಿರೋದು" ಎಂದರು. ಹೀಗೆ ಪಟಾಲಮ್ಮನ ಹೆಸರಿನಲ್ಲಿ, ಪಟಾಲಮ್ಮನ ವಿಳಾಸದಲ್ಲಿ, ದಾನಮ್ಮನ ಸಹಿಯಲ್ಲಿ ಅರ್ಜಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು.

ಆ ತಿಂಗಳು ದಾನಮ್ಮ ನನ್ನ ತಲೆ ತಿಂದದ್ದು ಅಷ್ಟಿಷ್ಟಲ್ಲ. ಬೆಳಿಗ್ಗೆ ಹಾಲು ತರಲು ಹೋಗುವಾಗ ಒಮ್ಮೆ, ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ಒಮ್ಮೆ, ಸಂಜೆ ಒಮ್ಮೆ ಬಂದು "ಬಂತೇನ್ರಿ?" ಎನ್ನುವಳು. ಊದುಬತ್ತಿ ಹೊಸೆಯಲು ಕೂತರೆ ಅರ್ಧಕ್ಕೇ ಏಳುವಳು. ಹೊಸೆದ ಕಡ್ಡಿಗಳು ದಪ್ಪ ಸಣ್ಣ ಆಗಿ ಗುತ್ತಿಗೆದಾರ ವಾಪಸು ಕಳಿಸಿದ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಹಿಂದೆ ಎರಡು ಅಡ್ಡರಸ್ತೆ ದಾಟಿ ಓಡಿ, ಅವನಿಂದ ಬೈಸಿಕೊಂಡು ಬಂದಳು. ಒಂದು ದಿನ ನನಗೂ ಹೇಳದೇ ಬಸ್ ಹತ್ತಿ, ಅರ್ಜಿ ಕಳಿಸಿದ್ದ ರಾಜಾಜಿನಗರದ ಕಚೇರಿಗೇ ಹೋದಳು. ಒಳಗೆ ಹೋಗಲು ಧೈರ್ಯ ಸಾಲದೆ ಗೇಟಿನ ಮುಂದೆ ಅತ್ತಿಂದಿತ್ತ ಓಡಾಡಿ, ವಾಚ್‌ಮನ್ ಯಾರು ಬೇಕೆಂದು ಕೇಳಿದಾಗ "ಯಾರೂ ಬ್ಯಾಡ್ರಿ" ಎಂದು ವಾಪಸು ಬಂದಳು.

ಅರ್ಜಿ ತಲುಪಿದ ಸುದ್ದಿ ಏಕಾಂತಯ್ಯನಿಗೆ ಗೊತ್ತಾಗಲು ತಡವಾಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಬೇಡದ ಒಂದು ಝೆರಾಕ್ಸ್ ಮಾಡಿಸಿಕೊಂಡು ನಿಂತ. ಮನುಷ್ಯ ಜೋರಿನವನಲ್ಲ. ಮೆತ್ತಗೆ ಮಾತಾಡುತ್ತಾನೆ, ಅದೇ ನನಗೆ ಆಗದು.

"ಅಮ್ಮಾ, ನೀವು ಓದಿದೋರು, ಬರ್ಕೊಡ್ತೀರ. ತಪ್ಪಲ್ಲ. ಆದ್ರೆ ಈ ದಾರ ಎಳೆದ್ರೆ ಎಲ್ಲಿಗೆ ಬರುತ್ತೆ ನೋಡಿ. ಗ್ಯಾಂಗಲ್ಲಿ ಅರ್ಧಕ್ಕರ್ಧ ಜನ ಬೇರೆಯವ್ರ ಹೆಸ್ರಲ್ಲಿ ನಿಂತಿದಾರೆ. ಆಫೀಸರ್ ಪಟ್ಟಿ ಹಿಡ್ಕೊಂಡು ಬಂದ್ರೆ ಎಲ್ರನ್ನೂ ತೆಗೀತಾರೆ. ಹೊಸ ಹೆಸ್ರು ಸೇರ್ಸಿ ಅಂತ ನಾನು ಎಷ್ಟ್ ಸಲ ಬರ್ಕೊಟ್ಟಿದೀನಿ ಗೊತ್ತಾ? ಯಾವನೂ ಕೇಳ್ಲಿಲ್ಲ. ಇವ್ರಿಗೆ ಹೊಟ್ಟೆಗೆ ದಾರಿ ಆಗ್ಲಿ ಅಂತ ನಾನು ಹೀಗೆ ಮಾಡಿದ್ದು."

"ಹೊಟ್ಟೆಗೆ ದಾರಿ ಸರಿ. ಸೋಪ್ ಎಲ್ಲಿಗೋಯ್ತು?" ಎಂದೆ.

ಅವನು ಝೆರಾಕ್ಸ್ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದ. ಅವನ ಮಾತಿನಲ್ಲಿ ಅರ್ಧ ನಿಜವಿತ್ತು.

ಉತ್ತರ ಬಂದದ್ದು ಸಂಕ್ರಾಂತಿಯ ಹಿಂದಿನ ದಿನ. ವಿಳಾಸ ಪಟಾಲಮ್ಮನವರದಾದ್ದರಿಂದ ಪೋಸ್ಟ್‌ಮ್ಯಾನ್ ಅವರಿಗೇ ಕೊಟ್ಟಿದ್ದ. ಅವರು ದಪ್ಪ ಲಕೋಟೆ ಹಿಡಿದುಕೊಂಡು ಅಂಗಡಿಗೆ ಬಂದರು, ಹಿಂದೆಯೇ ದಾನಮ್ಮ ಓಡಿ ಬಂದಳು. ನಾನು ಲಕೋಟೆ ಒಡೆದು ಹಾಳೆಗಳನ್ನು ಕೌಂಟರಿನ ಮೇಲೆ ಹರಡಿದೆ. ಝೆರಾಕ್ಸ್ ಹಾಳೆಗಳು. ಹೆಸರಿನ ಸಾಲು, ಎದುರಿಗೆ ಸಹಿಯ ಸಾಲು.

ನಾನು ಓದಲು ಶುರು ಮಾಡುವ ಮೊದಲೇ ದಾನಮ್ಮ ಬೆರಳಿಟ್ಟಳು.

"ಅಯ್ಯ, ಇದು ನಂದ್ರಿ! ನೋಡ್ರಿ ಅಕ್ಕಾರ, ನನ್ನ ಸೈನು! ಟಾ ನೋಡ್ರಿ, ಬಾಲ ನೋಡ್ರಿ, ಎರಡು ಚುಕ್ಕಿ!" ಅವಳ ಮುಖದ ತುಂಬ ನಗು. ಸರ್ಕಾರದ ಕಾಗದದಲ್ಲಿ ಮುದ್ರೆಯ ಪಕ್ಕದಲ್ಲಿ ತನ್ನ ಕೈಬರಹ ಕಂಡ ಖುಷಿ. ಮುಂದಿನ ಹಾಳೆಯಲ್ಲೂ ಹುಡುಕಿದಳು, ಅಲ್ಲೂ ಇತ್ತು. ಮೂರನೆಯದರಲ್ಲೂ ಇತ್ತು. ಮೂರಕ್ಕೂ ಬೆರಳಿಟ್ಟು ತೋರಿಸಿ ಪಟಾಲಮ್ಮನವರತ್ತ ತಿರುಗಿ ನಕ್ಕಳು.

ನಾನು ಹಾಳೆಯ ತಲೆಯಲ್ಲಿದ್ದ ಸಾಲನ್ನು ಓದಿದೆ. ಇನ್ನೊಮ್ಮೆ ಓದಿದೆ.

"ದಾನಮ್ಮ, ಮೇಲೆ ಏನ್ ಬರ್ದಿದೆ ಗೊತ್ತಾ? ಸೋಪು-ಎಣ್ಣೆ ಭತ್ಯೆಯನ್ನು ಪೂರ್ತಿ ಪಡೆದುಕೊಂಡಿದ್ದೇವೆ, ಅಂತ. ಕೆಳಗೆ ಎಲ್ರ ಸೈನು. ನಿಂದೂ ಇದೆ."

"ನಾ ತಗೊಂಡಿಲ್ಲಲ್ರಿ."

"ಗೊತ್ತು. ಆದ್ರೆ ತಗೊಂಡೆ ಅಂತ ಸೈನ್ ಹಾಕಿದೀಯ."

ಬೆರಳು ಹಾಳೆಯ ಮೇಲೇ ಇತ್ತು. ನಗು ಎಲ್ಲಿಂದ ಹೇಗೆ ಇಳಿಯಿತೆಂದು ನಾನು ನೋಡಿದೆ, ನೋಡಬಾರದಿತ್ತು. ಕೆಲಸ ಮುಗಿಯುವ ಕೊನೆಯ ವಾರ ಏಕಾಂತಯ್ಯ ಹಾಜರಿಯ ಹಾಳೆಗಳ ಜೊತೆ ಇದನ್ನೂ ಸೇರಿಸಿ ಕೊಡುತ್ತಿದ್ದ, ಇವಳು ಖುಷಿಯಿಂದ ಎಲ್ಲದಕ್ಕೂ ಬಾಲ ಎಳೆದು ಚುಕ್ಕಿ ಇಡುತ್ತಿದ್ದಳು. ಅವನು ಇವರಿಗೆ ಸಹಿ ಕಲಿಸಿದ್ದು ಯಾತಕ್ಕೆಂದು ನನಗೆ ಆಗ ಅರ್ಥವಾಯಿತು. ನನ್ನ ಬಾಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಅಷ್ಟರಲ್ಲಿ ಪಟಾಲಮ್ಮನವರಿಗೆ ಇನ್ನೊಂದು ದಿಗಿಲು ಹುಟ್ಟಿತ್ತು. "ಅಂಬುಜಮ್ಮ, ದುಡ್ಡು ತಗೊಂಡಿದಾರೆ ಅಂತ ಇರೋದು ನನ್ ಹೆಸ್ರಲ್ಲಿ ಅಲ್ವಾ? ನಾಳೆ ಯಾರಾದ್ರೂ ಬಂದು, ವಠಾರ ಇಟ್ಕೊಂಡು ಗ್ಯಾಂಗಿನ ದುಡ್ಡೂ ತಿಂದೆಯಾ ಅಂದ್ರೆ? ನನ್ ಮಗ ಮೋಹನ ಕೇಳಿದ್ರೆ ಕುಣಿದಾಡ್ತಾನೆ." ದಾನಮ್ಮನತ್ತ ತಿರುಗಿದರು. ಸಿಟ್ಟಿನಿಂದಲ್ಲ, ಕೊಟ್ಟ ಪಾತ್ರೆ ಕೇಳುವವರ ಹಾಗೆ ಹೇಳಿದರು. "ನನ್ ಹೆಸ್ರು ನಂಗೆ ವಾಪಸ್ ಕೊಟ್ಬಿಡಮ್ಮ."

ದಾನಮ್ಮ ಆಗಲಿ ಎಂಬಂತೆ ತಲೆಯಾಡಿಸಿದಳು. ಹೆಸರು ವಾಪಸು ಕೊಟ್ಟರೆ ಗ್ಯಾಂಗಿನಲ್ಲಿ ಜಾಗವಿಲ್ಲ, ಅದು ಅವಳಿಗೂ ಗೊತ್ತು, ಅವರಿಗೂ ಗೊತ್ತು. ಮಳೆಗಾಲದ ಆ ಕೂಲಿಯಿಂದಲೇ ಅವಳ ಮನೆಯ ಬಾಡಿಗೆ, ಮಗಳ ಶಾಲೆಯ ಖರ್ಚು ನಡೆಯುತ್ತಿತ್ತು.

ಆಮೇಲಿನ ದಿನಗಳಲ್ಲಿ ಅವಳು ಅಂಗಡಿಗೆ ಬರುವುದನ್ನು ನಿಲ್ಲಿಸಿದಳು. ಆದರೆ ಅಂಗಡಿಯ ಮುಂದೆಯೇ ಹೋಗುವಳು, ಬರುವಳು. ಕೈಯಲ್ಲಿ ಚೀಲವಿಲ್ಲ, ಕೊಡವಿಲ್ಲ, ಸುಮ್ಮನೆ ರಿಂಗ್ ರೋಡಿನ ಸೇತುವೆಯವರೆಗೆ ನಡೆದು ವಾಪಸು ಬರುವಳು. ಏಕಾಂತಯ್ಯ ಅವಳಿಗೆ ಹೇಳಿ ಕಳಿಸಿದ್ದನಂತೆ: ಅರ್ಜಿ ಅಲ್ಲಿಗೇ ಬಿಡು, ಈ ವರ್ಷದಿಂದ ಸೋಪು-ಎಣ್ಣೆ ನಿನಗೆ ಮನೆಗೇ ಬರುತ್ತದೆ, ಪಟಾಲಮ್ಮನವರನ್ನು ನಾನು ಒಪ್ಪಿಸುತ್ತೇನೆ. ವಿಠ್ಠಲ ಆ ಮಾತಿಗೆ ಒಪ್ಪು ಎಂದಿದ್ದ. ಅವರ ಜಗಳ ನನ್ನ ಅಂಗಡಿಯ ಹಿಂದಿನ ಗೋಡೆಯಿಂದ ಕೇಳುತ್ತಿತ್ತು.

"ಕೆಲಸ ಹೋದ್ರ ಯಾರ್ ಕೊಡ್ತಾರ? ಆ ಝೆರಾಕ್ಸ್ ಅಕ್ಕ ಕೊಡ್ತಾಳೇನು?" ಎಂದು ಅವನು ಕೂಗುವನು. ನ್ಯಾಯವಾದ ಪ್ರಶ್ನೆ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಶಟರ್ ಎತ್ತುತ್ತಿದ್ದಂತೆಯೇ ದಾನಮ್ಮ ಒಳಗೆ ನುಗ್ಗಿದಳು. ತಲೆ ಬಾಚಿರಲಿಲ್ಲ.

"ಬರೀರಿ ಅಕ್ಕಾರ."

"ಏನಂತ?"

"ಆ ಹಾಳ್ಯಾಗ ಪಟಾಲಮ್ಮ ಅಂತ ಸೈನ್ ಮಾಡಿದಾಕಿ ನಾನು, ದಾನಮ್ಮ. ಮೂರು ಮಳಿಗಾಲ ಕಾಲುವಿಗೆ ಇಳದಾಕಿ ನಾನು. ಸೋಪು-ಎಣ್ಣಿ ನನಗ ಮುಟ್ಟಿಲ್ಲ. ಯಾವ ದಿನ ಕೊಟ್ಟೀರಿ, ಯಾರ ಮುಂದ ಕೊಟ್ಟೀರಿ, ಅದರ ಕಾಗದ ತೋರಸ್ರಿ. ಹಿಂಗ ಬರೀರಿ."

ನನಗೆ ಹುರುಪು ಬಂತು. "ಹಾಗಾದ್ರೆ ಗ್ಯಾಂಗಲ್ಲಿ ಯಾರ್ಯಾರು ಬೇರೆ ಹೆಸ್ರಲ್ಲಿದಾರೆ, ಎಲ್ಲಾ ಬರೆದು ಮೇಲಧಿಕಾರಿಗೆ ಒಂದು ದೂರು ಹಾಕೋಣ. ಒಂದೇ ಏಟಿಗೆ ಎಲ್ಲಾ ಹೊರಗೆ ಬರ್ಲಿ" ಎಂದೆ.

"ಬ್ಯಾಡ್ರಿ!" ದಾನಮ್ಮ ನನ್ನ ಪೆನ್ನಿನ ಮೇಲೆ ಕೈ ಇಟ್ಟಳು. "ಗ್ಯಾಂಗಿನ ಹನುಮವ್ವನೂ ಹೆಸರು ಹೊತ್ತಾಕಿನ, ಆಕಿ ಗಂಡಗ ಕಾಲಿಲ್ಲ. ಉಳಿದವರಿಗೂ ಒಬ್ಬೊಬ್ಬರಿಗೆ ಒಂದೊಂದು ಐತಿ. ನನ್ನದಷ್ಟ ಬರೀರಿ. ಬಿದ್ರ ನಾ ಒಬ್ಬಾಕಿ ಬೀಳ್ತೀನಿ."

ಅವಳು ಹೇಳಿದಷ್ಟನ್ನೇ ಬರೆದೆ. ಒಂದನ್ನು ಮಾಹಿತಿ ಕೇಳುವ ಅರ್ಜಿಯಾಗಿ, ಇನ್ನೊಂದನ್ನು ಮೇಲಧಿಕಾರಿಗೆ ದೂರಾಗಿ. ಓದಿ ಹೇಳಿದೆ. ನಿಧಾನವಾಗಿ ಇನ್ನೊಮ್ಮೆ ಓದಲು ಹೇಳಿದಳು, ಓದಿದೆ. ಮೊದಲ ಬಾರಿಗೆ ಹೀಗೆ ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಸಹಿಯ ಜಾಗ ಬಂತು.

"ದಾನಮ್ಮ ಅಂತ ಬರೆಯೋದು ಹೇಳ್ಕೊಡ್ತೀನಿ. ಮೂರೇ ಅಕ್ಷರ. ಸಂಜೆಯೊಳಗೆ ಬರುತ್ತೆ" ಎಂದೆ.

ಅವಳು ಕೌಂಟರಿನ ಮೂಲೆಯಲ್ಲಿದ್ದ ಇಂಕ್ ಪ್ಯಾಡನ್ನು ತನ್ನತ್ತ ಎಳೆದುಕೊಂಡಳು. ಎಡಗೈಯ ಹೆಬ್ಬೆಟ್ಟನ್ನು ಸೀರೆಗೆ ಒರೆಸಿ, ಪ್ಯಾಡಿನ ಮೇಲೆ ಒತ್ತಿ, ಕಾಗದದ ಮೇಲೆ ಇಟ್ಟಳು. ಒತ್ತಿ ಹಿಡಿದೇ ಇದ್ದಳು. ಎತ್ತಿದಾಗ ಗೆರೆಗೆರೆಯಾಗಿ ಮೂಡಿತ್ತು. ಊದುಬತ್ತಿ ಹೊಸೆದು ಸವೆದ ಕಡೆ ಗೆರೆ ಇರಲಿಲ್ಲ.

"ಬರೆಯೂದು ಆಮ್ಯಾಲ ಕಲಿತೀನ್ರಿ" ಎಂದಳು. "ಇದನ್ನ ಯಾರೂ ಕಲಿಸಿಲ್ಲ. ಇದು ನಂದ."

ಪಟಾಲಮ್ಮನವರು ತಮ್ಮ ಹೆಸರನ್ನು ಹಿಂದಕ್ಕೆ ಪಡೆದೇ ಬಿಟ್ಟರು. ಪಟ್ಟಿಯಲ್ಲಿರುವ ಈ ಹೆಸರು ನನ್ನದು, ನಾನು ಕೆಲಸ ಮಾಡುತ್ತಿಲ್ಲ ಎಂದು ತಾವೂ ಒಂದು ಕಾಗದ ನನ್ನಿಂದ ಬರೆಸಿ ಕಚೇರಿಗೆ ಕಳಿಸಿದರು. ಹಾಗೆಂದು ದಾನಮ್ಮನ ಬಾಡಿಗೆಯನ್ನು ಆ ವರ್ಷ ಏರಿಸಲೂ ಇಲ್ಲ. ಮಾಹಿತಿಯ ಅರ್ಜಿಗೆ ಉತ್ತರ ಬರಲಿಲ್ಲ. ದೂರಿನ ವಿಚಾರಣೆಗೆ ದಿನ ಗೊತ್ತಾಗಿದೆ ಎಂಬ ನೋಟೀಸು ಬಂತು, ಆಮೇಲೆ ಅದು ಮುಂದಕ್ಕೆ ಹೋಗಿದೆ ಎಂಬ ನೋಟೀಸೂ ಬಂತು. ಎರಡನ್ನೂ ದಾನಮ್ಮ ನನ್ನ ಹತ್ತಿರ ಲ್ಯಾಮಿನೇಷನ್ ಮಾಡಿಸಿಕೊಂಡಳು. ಬೇಡ ಎಂದರೂ ಕೇಳಲಿಲ್ಲ. ಅವುಗಳ ಮೇಲೆ ಶ್ರೀಮತಿ ದಾನಮ್ಮ ಎಂದಿತ್ತು.

ಜೂನ್ ಬಂತು. ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಬಸ್ ಸ್ಟಾಪಿನ ಹತ್ತಿರ ಗ್ಯಾಂಗು ಸೇರಿತು. ದಾನಮ್ಮ ನನ್ನ ಅಂಗಡಿಯಲ್ಲಿದ್ದಳು. ಕೆಲಸವೇನೂ ಇರಲಿಲ್ಲ, ಪೆನ್ನಿನ ಡಬ್ಬಿಯನ್ನು ಅತ್ತಿತ್ತ ಇಡುತ್ತಿದ್ದಳು. ರಸ್ತೆಯ ಆಚೆ ಜೀಪೊಂದು ನಿಂತಿತ್ತು, ಅದಕ್ಕೆ ಒರಗಿಕೊಂಡು ಕಚೇರಿಯ ಒಬ್ಬ ಅಧಿಕಾರಿ ನಿಂತಿದ್ದ. ಏಕಾಂತಯ್ಯನ ಕಾಲ ಬಳಿ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ಒಂದರಲ್ಲಿ ಸೋಪು, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಗಳು.

"ನೋಡೇ! ನೋಡೇ ಅಲ್ಲಿ!" ಎಂದು ನಾನು ಕೂಗಿದೆ. ಅಧಿಕಾರಿಯ ಕಣ್ಣೆದುರು, ಹಗಲು ಬೆಳಕಿನಲ್ಲಿ, ಹೆಸರು ಕೂಗಿ ಕೂಗಿ ಕೈಗೆ ಕೊಡುತ್ತಿದ್ದರು. ಹನುಮವ್ವ ಸೋಪು ಇಸಿದುಕೊಂಡು ನಮ್ಮ ಅಂಗಡಿಯ ಕಡೆಗೆ ಎತ್ತಿ ತೋರಿಸಿದಳು. ದಾನಮ್ಮನ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು.

"ಪಟಾಲಮ್ಮ!" ಎಂದು ಏಕಾಂತಯ್ಯ ಕೂಗಿದ.

ದಾನಮ್ಮನ ಬಾಯಿ ತಾನಾಗಿಯೇ ತೆರೆಯಿತು. ಮೂರು ವರ್ಷದ ರೂಢಿ. ಕೈ ಅಡ್ಡ ಇಟ್ಟುಕೊಂಡು ತಡೆದಳು. ಅಷ್ಟರಲ್ಲಿ ಆಚೆಯಿಂದ ದನಿ ಬಂತು. "ಅದೀನ್ರಿ."

ಸಾಲಿನ ಕೊನೆಯಲ್ಲಿ ಹೊಸ ಹುಡುಗಿಯೊಬ್ಬಳಿದ್ದಳು. ಸಣಕಲು ಮೈ, ಊರಿಂದ ಬಂದು ಹದಿನೈದು ದಿನವೂ ಆಗಿರಲಿಕ್ಕಿಲ್ಲ, ಕೈಯಲ್ಲಿ ಇನ್ನೂ ಹಸಿರು ಬಳೆ. ಪಟ್ಟಿಯಿಂದ ಹೆಸರು ತೆಗೆಯಲೂ ಮಂಜೂರಾತಿ ಬೇಕು, ಅದು ಇನ್ನೂ ಬಂದಿರಲಿಲ್ಲ. ಅವಳು ಮುಂದೆ ಬಂದು ಸೋಪನ್ನು ಇಸಿದುಕೊಂಡು ಮೂಸಿ ನೋಡಿದಳು. ಏಕಾಂತಯ್ಯ ಹಾಳೆ ಮುಂದೆ ಹಿಡಿದ. ಅವಳು ಬಗ್ಗಿ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ನಿಧಾನವಾಗಿ ಬರೆದಳು. ಕೆಳಗೆ ಒಂದು ಗೆರೆ ಎಳೆದಳು.

ನನ್ನ ಸಿಟ್ಟು ನೆತ್ತಿಗೇರಿತು. ಕೌಂಟರ್ ಸುತ್ತಿ ಹೊರಗೆ ಬರುವಷ್ಟರಲ್ಲಿ ದಾನಮ್ಮ ಆಗಲೇ ರಸ್ತೆ ದಾಟಿದ್ದಳು. ಬಸ್ಸೊಂದು ಹಾರನ್ ಹೊಡೆಯಿತು, ಅವಳು ತಿರುಗಿ ನೋಡಲಿಲ್ಲ. ಏಕಾಂತಯ್ಯ ಹಾಳೆಗಳಲ್ಲಿ ಮುಖ ಹುದುಗಿಸಿದ. ದಾನಮ್ಮ ಅವನನ್ನು ನೋಡಲೂ ಇಲ್ಲ, ನೆಟ್ಟಗೆ ಆ ಹುಡುಗಿಯ ಮುಂದೆ ಹೋಗಿ ನಿಂತಳು.

"ನಿನ್ನ ಹೆಸರೇನವ್ವ?"

"ಪಟಾಲಮ್ಮ ರೀ" ಎಂದಳು ಹುಡುಗಿ.

"ಅದಲ್ಲ ತಂಗಿ. ನಿಂದು."

ಹುಡುಗಿ ಮೇಸ್ತ್ರಿಯ ಮುಖ ನೋಡಿದಳು, ಜೀಪಿನ ಕಡೆ ನೋಡಿದಳು. ಸೋಪನ್ನು ಎಲ್ಲಿ ಕಿತ್ತುಕೊಳ್ಳುತ್ತಾರೋ ಎಂದು ಎರಡೂ ಕೈಯಿಂದ ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಟೆಂಪೋದವನು ಎಂಜಿನ್ ಶುರು ಮಾಡಿ ಎಲ್ಲರನ್ನೂ ಹತ್ತಲು ಕರೆಯುತ್ತಿದ್ದ. ಒಂದು ಕಡೆ ನಿಲ್ಲಲು ಬಾರದ ದಾನಮ್ಮ ಅಲ್ಲಾಡದೆ ಅಲ್ಲೇ ನಿಂತಿದ್ದಳು, ಆ ಹುಡುಗಿ ತನ್ನ ಹೆಸರು ಹೇಳುವುದನ್ನೇ ಕಾಯುತ್ತ.